ಗುಳಗಿ ಒಲ್ಲದ ಜೋಡಿ

ಸತೀಶಕುಮಾರನ ಹೆಂಡತಿಯ ತಮ್ಮ ಚೇತನಕುಮಾರ ಬಬಲೇಶ್ವರದಲ್ಲಿ ಹೊಸ ಮನೆ ಕಟ್ಟಿಸಿ, ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಡಿಸಿ, ಅದರಲ್ಲಿ ಬಂಗಾರದ ಬಣ್ಣದ ಮೀನು ಬಿಟ್ಟ. ಬಿಟ್ಟು ಸುಮ್ಮನಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ವಾಸ್ತುಶಾಂತಿಗೆ ಬಂದ ಬೀಗರು ಬಿಜ್ಜರನ್ನೆಲ್ಲ ಒಬ್ಬೊಬ್ಬರನ್ನಾಗಿ ತೊಟ್ಟಿಯ ಮುಂದೆ ನಿಲ್ಲಿಸಿ, "ಮೀನಾ ಸಾಕೂದು ಎಲ್ಲಾರ ಕಡಿಂದ ಆಗೂದಿಲ್ರಿ. ಅದಕ್ಕ ಒಂದು ಕಲ್ಚರ್ ಬೇಕು" ಎಂದ. ಸಾಲಿನ ಕೊನೆಗೆ ಹೋಳಿಗೆಯ ತಾಟು ಹಿಡಿದು ನಿಂತಿದ್ದ ಸತೀಶಕುಮಾರನಿಗೆ ಅದು ತನಗೇ ಹೇಳಿದ ಮಾತು ಎನಿಸಿತು. ಅವನಿಗೆ ಸರಿಯಾಗಿ ಅನಿಸಿದ ಸಂಗತಿಗಳು ಬಹಳ ಇಲ್ಲ. ಇದೊಂದು ಮಾತ್ರ ಸರಿಯಾಗಿತ್ತು.

ಸತೀಶಕುಮಾರನದು ತಿಕೋಟಾದಲ್ಲಿ ಹನಿ ನೀರಾವರಿ ಸಾಮಾನಿನ ಅಂಗಡಿ; ಮನೆ ವಿಜಯಪುರದಲ್ಲಿ, ಇಟ್ಟಂಗಿಹಾಳ ರಸ್ತೆಯ ಹೊಸ ಬಡಾವಣೆಯಲ್ಲಿ. ದ್ರಾಕ್ಷಿ ತೋಟದವರಿಗೆ ಪೈಪು, ಫಿಲ್ಟರು, ವಾಲ್ವು ಮಾರುತ್ತಾನೆ. ನೀರು ಹರಿಸಿ ಹೊಟ್ಟೆ ಹೊರೆಯುವವನಿಗೆ ನೀರಿನೊಳಗೆ ಇರುವುದೆಲ್ಲ ತಾನಾಗಿಯೇ ಗೊತ್ತಿರುತ್ತದೆ ಎಂದು ಅವನ ನಂಬಿಕೆ. ಅದೇ ವಾರ ಅಂಗಡಿಗೆ ಬೀಗ ಹಾಕಿ ಸೊಲ್ಲಾಪುರಕ್ಕೆ ಹೋದ. ಅಲ್ಲಿ ಅಶ್ಫಾಕ ಎಂಬಾತನ ಮೀನಿನ ಅಂಗಡಿ ಹೊಕ್ಕು, "ಗೋಲ್ಡ್ ಫಿಶ್ ಇಟ್ಟವ್ರು ನಾಚಿ ತೊಟ್ಟಿ ಮುಚ್ಚಬೇಕು, ಅಂಥದ್ದೇನರ ತೋರ್ಸು" ಎಂದ.

ಅಶ್ಫಾಕ ತೋರಿಸಿದ. ತಳದ ಉಸುಕಿನ ಮೇಲೆ ಎರಡು ಜೀವ ಚಪ್ಪಟೆಯಾಗಿ ಬಿದ್ದಿದ್ದವು. ಆಗತಾನೇ ಬಡಿದ ಜೋಳದ ರೊಟ್ಟಿಯ ಅಂಚಿಗೆ ಯಾರೋ ಬಾಲ ಹಚ್ಚಿದಂತೆ. ಮೈಮೇಲೆಲ್ಲ ಹಳದಿ ಚುಕ್ಕೆ. ಬೆನ್ನಿನ ಮೇಲೆ ಎರಡು ಕಣ್ಣು.

"ಸ್ಟಿಂಗ್ ರೇ ಅಂತಾರ ಸೇಠ. ಸಮುದ್ರದ್ದಲ್ಲ, ಸಿಹಿನೀರಿಂದು. ದಕ್ಷಿಣ ಅಮೆರಿಕಾದ ಹೊಳಿಯಾಗ ಇರೂದು. ಬಾಲದಾಗ ಮುಳ್ಳೈತಿ, ನೋಡಕೋರಿ. ಚುಚ್ಚಿದ್ರ ಸೀದಾ ದವಾಖಾನಿ."

ಸತೀಶಕುಮಾರನ ಮನಸ್ಸು ಅಲ್ಲೇ ಸೋತಿತು. ಚೇತನಕುಮಾರನ ಮೀನು ಜನ್ಮದಲ್ಲಿ ಒಬ್ಬರನ್ನಾದರೂ ದವಾಖಾನೆಗೆ ಕಳಿಸಿಯಾವೇ?

ಊಟದ ಮಾತು ಬಂದಾಗ ತೊಡಕು ಶುರುವಾಯಿತು. ಇವು ತಿನ್ನುವುದು ಎರೆಹುಳು, ಸೀಗಡಿ, ಮೀನಿನ ಚೂರು. ಸತೀಶಕುಮಾರನ ಹೆಂಡತಿ ಅನುರಾಧಾ ಜಂಗಮರ ಮನೆಯ ಮಗಳು. ತತ್ತಿ ಎಂಬ ಶಬ್ದವನ್ನೂ ಅಡುಗೆಮನೆಯ ಹೊರಗೆ ನಿಂತು ಹೇಳುವವಳು. ಅಶ್ಫಾಕ ಮೀನಿನ ಒಣ ಊಟದ ಒಂದು ಚೀಲ ಮುಂದಿಟ್ಟು ಸಮಾಧಾನ ಹೇಳಿದ: "ಗುಳಗಿ ತಿನ್ನೂದು ಕಲಿಸ್ರಿ ಸೇಠ. ಮೊದಲ ಎರಡು ದಿನ ಉಪಾಸ ಕೆಡವ್ರಿ. ಆಮ್ಯಾಲ ಹುಳದ ಚೂರಿನ ಜೋಡಿ ಗುಳಗಿ ಕಲಿಸಿ ಕೈಲೇ ತಿನ್ನಿಸ್ರಿ. ದಿನಾ ಹುಳಾ ಕಡಿಮಿ, ಗುಳಗಿ ಜಾಸ್ತಿ. ಹಟಾ ಮಾಡ್ತಾವ, ಆದ್ರ ಕಲೀತಾವ."

ಈ ಉಪದೇಶದಲ್ಲಿ ಎರಡು ಭಾಗವಿದ್ದವು. ಹುಳದ ಭಾಗ ಮನೆಯಲ್ಲಿ ನಡೆಯುವಂಥದ್ದಲ್ಲವಾದ್ದರಿಂದ ಸತೀಶಕುಮಾರ ಅದನ್ನು ಸೊಲ್ಲಾಪುರದಲ್ಲೇ ಬಿಟ್ಟ. ಉಪವಾಸದ ಭಾಗ ಮಾತ್ರ ಮನೆಗೆ ತಂದ.

ಹೆಂಡತಿಗೆ, "ಬರೇ ಗುಳಗಿ ತಿಂತಾರ. ಶುದ್ಧ ಶಾಕಾಹಾರಿ. ಸೋಯಾ, ಗೋದಿ, ಜರಾ ಪಾಲಕ" ಎಂದು ಹೇಳಿದ. ಗುಳಗಿಯ ಚೀಲದ ಮೇಲೆ ಮೀಸೆ ಹೊತ್ತ ಸೀಗಡಿಯ ಚಿತ್ರ ಇತ್ತಾದ್ದರಿಂದ ಚೀಲವನ್ನು ಹರಿದು ಒಗೆದು, ಗುಳಗಿಗಳನ್ನು ಮನೆಯಲ್ಲಿ ಬಿದ್ದಿದ್ದ ಒಂದು ಖಾಲಿ ಔಷಧಿ ಡಬ್ಬಿಗೆ ಸುರುವಿ ತೊಟ್ಟಿಯ ಪಕ್ಕದ ಗೂಡಿನಲ್ಲಿಟ್ಟ. ಅಷ್ಟು ಬುದ್ಧಿ ಅವನಿಗೆ ಹೇಗೆ ಹೊಳೆಯಿತೋ. ಹೊಳೆಯದಿದ್ದರೆ ಚೆನ್ನಾಗಿತ್ತು.

ಇನ್ನು ಬಿಸಿಲು. ವಿಜಯಪುರದ ಏಪ್ರಿಲ್ ತಿಂಗಳಲ್ಲಿ ನಲ್ಲಿಯ ನೀರಿಗೆ ಚಹದ ಪುಡಿ ಹಾಕಿದರೆ ಚಹವಾಗುತ್ತದೆ. ಮೀನು ಬೇಯಬಾರದೆಂದು ಹಿಂದಿನ ಕೋಣೆಗೆ ಏಸಿ ಹಾಕಿಸಿದ. ಅದೇ ಹೊತ್ತಿಗೆ ಅವನ ಮಾವ ಈರಯ್ಯನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೆಂಡತಿ ನೀಲಗಂಗವ್ವನ ಜೊತೆ ಬಬಲೇಶ್ವರದಿಂದ ಬಂದರು. ಕಣ್ಣು ಕಾಣದಿದ್ದರೂ ಈರಯ್ಯನವರಿಗೆ ತಂಪು ಎಲ್ಲಿದೆ ಎಂಬುದು ಚೆನ್ನಾಗಿ ಕಂಡಿತು.

"ಆ ಪೆಟಿಗ್ಯಾಗ ಏನೈತಿ?" ಎಂದು ಕೇಳಿದರು.

"ಮೀನ್ರಿ ಮಾವಾರ."

ಮೀನಿನ ಬುಟ್ಟಿ ಎದುರು ಬಂದರೆ ಬಂದ ದಾರಿಗೇ ತಿರುಗಿ ಹೋಗುವ ಈರಯ್ಯನವರು ಸ್ವಲ್ಪ ಯೋಚಿಸಿದರು. ಏಸಿಯ ಗಾಳಿ ನೆತ್ತಿಗೆ ಬಡಿಯುತ್ತಿತ್ತು. "ಹೊರಗ ಬರೂದಿಲ್ಲಲ್ಲ?"

"ಬರೂದಿಲ್ರಿ."

"ಹಂಗಾರ ಇರ್ಲಿ. ಎಲ್ಲಾ ಶಿವನ ಜೀವ. ಆ ಮಷೀನು ಇನ್ನೊಂಚೂರು ಜೋರ ಮಾಡು."

ಆಪರೇಷನ್ ಆಯಿತು, ಕರಿ ಕನ್ನಡಕ ಬಂತು, ಡಾಕ್ಟರು ಊರಿಗೆ ಹೋಗಬಹುದು ಎಂದರು. ಈರಯ್ಯನವರು ಹೋಗಲಿಲ್ಲ. ಅತ್ತೆ ಮಾವಂದಿರಿಗಾಗಿ ಏಸಿ ಹಾಕಿಸಿದ ಅಳಿಯ ಎಂದು ಬಡಾವಣೆಯ ತುಂಬ ಸತೀಶಕುಮಾರನ ಹೊಗಳಿಕೆ ಹಬ್ಬಿತು. ಪಕ್ಕದ ಮನೆಯ ಅಕ್ಕನಾಗಮ್ಮ ತನ್ನ ಅಳಿಯನಿಗೆ ಫೋನು ಹಚ್ಚಿ ಇವನ ಉದಾಹರಣೆ ಕೊಟ್ಟು ಬೈದಳು. ಸತೀಶಕುಮಾರ ಹೊಗಳಿಕೆಯನ್ನು ತಿದ್ದಲಿಲ್ಲ. ಕತ್ತು ಬಾಗಿಸಿ, "ಹಿರ್ಯಾರ ಸೇವಾ, ಅದರಾಗೇನೈತ್ರಿ" ಎಂದ. ಮೀನಿನ ಸುದ್ದಿ ಹೊರಗೆ ಬಿಡಬಾರದೆಂದು ಹೆಂಡತಿಗೂ ತಾಕೀತು ಮಾಡಿದ್ದ. ಅವು ಕೈಯಿಂದ ಗುಳಗಿ ತಿನ್ನುವುದನ್ನು ಕಲಿತ ದಿನ ಚೇತನಕುಮಾರನನ್ನು ಕರೆಸಿ, ತೊಟ್ಟಿಯ ಮುಂದೆ ನಿಲ್ಲಿಸಿ, ಕಲ್ಚರ್ ಅಂದರೆ ಏನೆಂದು ತೋರಿಸುವ ವಿಚಾರ ಅವನದು.

ಆದರೆ ಮೀನು ಗುಳಗಿ ಮುಟ್ಟಲೊಲ್ಲವು.

ಬೆಳಿಗ್ಗೆ ಅತ್ತೆ ಮಾವ ಏಳುವ ಮೊದಲೇ ಎದ್ದು ಅವುಗಳ ಕಣ್ಣಿನ ಮುಂದೆಯೇ ಗುಳಗಿ ಉದುರಿಸಿದ. ಬೆನ್ನ ಮೇಲೆ ಬಿದ್ದ ಗುಳಗಿಯನ್ನು ಅವು ಕೊಡವಿ ಆಚೆ ಸರಿದವು. ತುಪ್ಪ ಹಚ್ಚಿ ಹಾಕಿದ. ನೀರಿಗೆ ಜಿಡ್ಡು ಬಂತು. ಪನೀರಿನಲ್ಲಿ ಹುದುಗಿಸಿ ಹಾಕಿದ. ಪನೀರು ಕೊಳೆತು ನಾರಿತು. ಕೊನೆಗೆ ಶೇಂಗಾ ಹಿಂಡಿಯ ಖಾರದ ಪುಡಿಯಲ್ಲಿ ಹೊರಳಿಸಿ ಹಾಕಿದ ದಿನ ತೊಟ್ಟಿಯ ನೀರು ಕೆಂಪಾಗಿ, ಎರಡೂ ಜೀವ ಮೂಲೆಗೆ ಹೋಗಿ ಉಸುಕು ಹೊದ್ದು ಮಲಗಿದವು. ನೀರು ಬದಲಿಸಿದ ಅನುರಾಧಾ, "ಅವಕ್ಕ ಖಾರ ತಿನಸಾಕ ಹತ್ತೀರಲ್ಲ, ನಿಮಗ ತಲಿ ಐತೇನ್ರಿ?" ಎಂದು ಕೇಳಿದಳು. ಪ್ರಶ್ನೆಯ ಉತ್ತರ ಅವಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು.

ಉಪವಾಸವನ್ನೇ ಮುಂದುವರಿಸುವುದು ಎಂದು ಸತೀಶಕುಮಾರ ನಿರ್ಧರಿಸಿದ. ಎರಡು ದಿನ ಎಂದು ಅಶ್ಫಾಕ ಹೇಳಿದ್ದು ವಾರ ದಾಟಿತು.

ಇಲ್ಲಿ ಅವನ ಒಂದು ಚಟದ ಬಗ್ಗೆ ಹೇಳಬೇಕು. ಅಷ್ಟು ದೂರದ ದೇಶದ, ಅಷ್ಟು ಭಾರಿ ಜೀವಗಳನ್ನು ‘ಅದು, ಇದು’ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಗಂಡು ಮೀನಿಗೆ ‘ಯಜಮಾನ್ರು’ ಎನ್ನುತ್ತಿದ್ದ, ಹೆಣ್ಣಿಗೆ ‘ಅಮ್ಮಾವ್ರು’. ಮಾವನ ಬೆನ್ನ ಹಿಂದೆ ‘ಮುದುಕ ಇನ್ನಾ ಹೋಗವಲ್ದು’ ಎನ್ನುವ ಅದೇ ಬಾಯಿ ಮೀನಿಗೆ ಮಾತ್ರ ಬಹುವಚನ ತಪ್ಪಿಸುತ್ತಿರಲಿಲ್ಲ. ಕನ್ನಡದಲ್ಲಿ ಒಂದು ‘ರು’ ಹಚ್ಚಿದರೆ ಮೀನು ಮನುಷ್ಯನಾಗುತ್ತದೆ ಎಂಬುದು ಅವನ ಲಕ್ಷ್ಯಕ್ಕೇ ಬರಲಿಲ್ಲ.

ಕೋಣೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲವಾದ್ದರಿಂದ ಅಶ್ಫಾಕನಿಗೆ ಫೋನು ಮಾಡಲು ಮಾಳಿಗೆ ಹತ್ತಿದ. ಪಕ್ಕದ ಮಾಳಿಗೆಯಲ್ಲಿ ಅಕ್ಕನಾಗಮ್ಮ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ನಡುವೆ ಮೊಣಕಾಲೆತ್ತರದ ಗೋಡೆ.

"ಇಲ್ಲೋ ಅಶ್ಫಾಕ, ಇಬ್ರೂ ಗುಳಗಿ ಮುಟ್ಟವಲ್ರು! ವಾರದ ಮ್ಯಾಲಾತು, ತುತ್ತು ಹಾಕಿಲ್ಲ ನಾನು. ಯಜಮಾನ್ರು ಜರಾ ಗಟ್ಟಿ ಅದಾರ. ಅಮ್ಮಾವ್ರು ಬಾಳ ಇಳದಾರ, ಮೂಲ್ಯಾಗ ಬಿದ್ದಬಿಟ್ಟಾರ... ಹೂಂ, ಉಸಿರಾಟ ಐತಿ... ಖಾರ ಹಾಕಿ ನೋಡಿದೆ, ಅದಕ್ಕೂ ಬಗ್ಗಲಿಲ್ಲ... ಬ್ಯಾರೆ ಊಟ? ನಮ್ಮ ಮನ್ಯಾಗ ಅದೆಲ್ಲಾ ನಡಿಯಂಗಿಲ್ಲ. ತಿಂದ್ರ ಗುಳಗಿ ತಿನ್ಲಿ, ಇಲ್ಲಾಂದ್ರ ಹಂಗ ಬಿದ್ದಿರ್ಲಿ!"

ಅಕ್ಕನಾಗಮ್ಮನ ಕೈಯಲ್ಲಿದ್ದ ಸಂಡಿಗೆಯ ಹಿಟ್ಟು ಸೀರೆಯ ಬದಲು ಪಾದದ ಮೇಲೆ ಬಿತ್ತು.

ಅವಳು ಆ ಕ್ಷಣದಲ್ಲಿ ಪಕ್ಕದ ಮನೆಯ ಬಾಗಿಲು ಬಡಿದು, ‘ನೀಲಗಂಗವ್ವ, ಆರಾಮ ಅದೀಯೇನ?’ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಸುದ್ದಿ ಅಲ್ಲಿಗೇ ಸಾಯುತ್ತಿತ್ತು. ಅಂಥ ಸುದ್ದಿಯನ್ನು ಕೊಲ್ಲುವಷ್ಟು ಕ್ರೂರಿ ಅವಳಲ್ಲ. ಬಬಲೇಶ್ವರದಲ್ಲಿ ಚೇತನಕುಮಾರನ ಗೊಬ್ಬರದ ಅಂಗಡಿಯ ಎದುರಿಗೇ ಅವಳ ಅಣ್ಣನ ಮನೆ. ಸಂಡಿಗೆ ಒಣಗುವುದರೊಳಗೆ ಮಾತು ಬಬಲೇಶ್ವರ ಮುಟ್ಟಿತು. ಅಲ್ಲಿಂದ ತಿಕೋಟಾಕ್ಕೆ ಬಸ್ಸಿನಲ್ಲಿ ಹೋಗುವವರು ಅದನ್ನು ಒಯ್ದರು. ಒಯ್ಯುವಾಗ ಖಾಲಿ ಕೈಯಲ್ಲಿ ಒಯ್ಯಬಾರದೆಂದು ತಮ್ಮದೂ ಸ್ವಲ್ಪ ಸೇರಿಸಿದರು. ಅಳಿಯ ಕಣ್ಣಿಗೆ ಖಾರದ ಪುಡಿ ಹಾಕ್ಯಾನಂತ. ಹೊಲ ಬರಸಿಕೊಡು ಅಂತ ಕಾಡಾಕತ್ತಾನಂತ. ಹುಚ್ಚರ ಗುಳಗಿ ತಿನಸಾಕತ್ತಾನಂತ.

ಮರುದಿನ ತಿಕೋಟಾದ ಅಂಗಡಿಗೆ ರಾಯಪ್ಪ ಬಂದ. ದ್ರಾಕ್ಷಿ ಬೆಳೆಗಾರ, ಹಳೆಯ ಗಿರಾಕಿ. ಪೈಪಿಗೆ ಹಚ್ಚುವ ನಾಲ್ಕು ಬೆಂಡು ಕೇಳಿ, ಅವನ್ನು ಕೌಂಟರಿನ ಮೇಲೆ ಇಟ್ಟುಕೊಂಡು, ದನಿ ತಗ್ಗಿಸಿದ.

"ಮನ್ಯಾಗ ಇಬ್ರನ್ನ ಇಟ್ಟೀರಂತಲ್ರಿ. ಖರೇನ?"

ಗುಟ್ಟು ಹೊರಬಿದ್ದಿತಲ್ಲ ಎಂದು ಸತೀಶಕುಮಾರನಿಗೆ ಬೇಜಾರಾದರೂ ಒಳಗೊಳಗೇ ಹಿಗ್ಗಾಯಿತು. "ಯಾರಂದ್ರು ನಿಮಗ?"

"ಊರ ಅನ್ನಾಕತ್ತೈತಿ."

"ಅನ್ಲಿ ಬಿಡ್ರಿ. ಆದ್ರ ಈಗ ಯಾರಿಗೂ ತೋರಸಾಂಗಿಲ್ಲ. ಗುಳಗಿ ತಿನ್ನಾಕ ಹತ್ಲಿ, ಆಮ್ಯಾಲ ಎಲ್ಲಾರ್ನೂ ಕರೀತೀನಿ."

"ಎಲ್ಲಿ ಇಟ್ಟೀರಿ ಅವ್ರನ್ನ?"

"ನೀರಾಗ."

"ನೀರಾಗ!"

"ಮತ್ತೆಲ್ಲಿ ಇಡ್ಲಿ ಅಂತೀರಿ? ಹೊರಗ ತಗದ್ರ ಉಳೀತಾರೇನು? ದಿನಾ ಅರ್ಧ ನೀರು ತಗದು ಹೊಸಾ ನೀರು ಹಾಕ್ತೀನಿ. ಸುಮ್ನ ಅಲ್ರಿ ಇದು."

ರಾಯಪ್ಪ ಬೆಂಡುಗಳನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ಅವನ ಮುಖ ಕಂಡು ಸತೀಶಕುಮಾರ, ಮೀನಿನ ಮಹತ್ವ ರೈತರಿಗೂ ತಿಳಿಯಹತ್ತಿದೆ ಎಂದುಕೊಂಡ. ಸಂಜೆಯೊಳಗೆ ತಿಕೋಟಾದ ಚಹದಂಗಡಿಯಲ್ಲಿ ಈರಯ್ಯನವರು ಕುತ್ತಿಗೆಯ ತನಕ ನೀರಿನಲ್ಲಿ ನಿಂತಿದ್ದರು.

ಇತ್ತ ಚೇತನಕುಮಾರ. ತಂದೆ ತಾಯಿ ವಿಜಯಪುರಕ್ಕೆ ಹೋದಂದಿನಿಂದ ಅವನು ಒಂದು ಸಲವೂ ಫೋನು ಮಾಡಿರಲಿಲ್ಲ. ಹೊಸ ಮನೆಯಲ್ಲಿ ಒಂದು ಕೋಣೆ ತೆರವಾಯಿತೆಂದು ಅಲ್ಲಿ ಯೂರಿಯಾ ಚೀಲ ಒಟ್ಟಿದ್ದ. ಈಗ ಅವನ ಅಂಗಡಿಗೆ ಬಂದವರೆಲ್ಲ, "ನಿಮ್ಮ ಅಪ್ಪಾಜಿ ನೀರಾಗ ಅದಾರಂತಲ್ಲೋ, ನೀ ಇಲ್ಲಿ ಗೊಬ್ಬರಾ ತೂಗಾಕತ್ತೀ" ಎನ್ನತೊಡಗಿದರು. ಹೆತ್ತವರ ಮೇಲಿನ ಪ್ರೀತಿ ಅವನಲ್ಲಿ ಒಮ್ಮೆಲೇ ಉಕ್ಕಿತು.

ಅಕ್ಕನಿಗೆ ಫೋನು ಮಾಡಿ ಕೇಳೋಣ ಎಂದರೆ, ಬೀಗರಲ್ಲಿ ಬುದ್ಧಿವಂತರಾದವರು ತಡೆದರು: "ಫೋನ್ ಮಾಡಿದ್ರ ಎಚ್ಚರ ಆಗ್ತಾರ. ನೀರಿಂದ ತಗದು ಒರಸಿ ಒಣ ಅರಿವಿ ಉಡಿಸಿಬಿಡ್ತಾರ. ಸೀದಾ ಪೊಲೀಸ್ರನ್ನ ಕರಕೊಂಡು ಹೋಗೂದು." ಭಾನುವಾರ ಎರಡು ಜೀಪು ತುಂಬ ಜನ ಹೊರಟರು. ಅತ್ತ ಸ್ಟೇಷನ್ನಿನಿಂದ ಪಿಎಸ್ಐ ವಿಶಾಖಾ ಮೇಡಂ, ಜೊತೆಗೆ ಒಬ್ಬ ಹವಾಲ್ದಾರ, ಬಡಾವಣೆಯ ಮೂಲೆಯಲ್ಲಿ ಕೂಡಿಕೊಂಡರು.

ಅನುರಾಧಾ ಕಾಯಿಪಲ್ಲೆ ತರಲು ಸಂತೆಗೆ ಹೋಗಿದ್ದಳು. ಬಾಗಿಲು ತೆರೆದ ಸತೀಶಕುಮಾರನಿಗೆ ಎದುರಿಗೆ ಹೆಂಡತಿಯ ತಮ್ಮ, ಅವನ ಹಿಂದೆ ಅರ್ಧ ಬಬಲೇಶ್ವರ, ಪಕ್ಕದಲ್ಲಿ ಖಾಕಿ ತೊಟ್ಟ ಅಧಿಕಾರಿ ಕಂಡರು. ಅವನ ಎದೆ ತುಂಬಿ ಬಂತು. ಮೀನು ನೋಡಲು ಇಷ್ಟು ಜನ! ಸರಕಾರವೂ ಬಂದಿದೆ! ಗುಳಗಿ ತಿನ್ನುವುದನ್ನು ಇನ್ನೂ ಕಲಿಯದಿರುವುದೊಂದೇ ಕೊರತೆ.

"ಎಲ್ಲದಾರ ಅವ್ರು? ಮೊದಲ ತೋರ್ಸು ಮಾಮಾ!" ಎಂದ ಚೇತನಕುಮಾರ. ಅವನ ದನಿ ನಡುಗುತ್ತಿತ್ತು. ಹೊಟ್ಟೆಕಿಚ್ಚಿನ ನಡುಕ ಎಂದು ಸತೀಶಕುಮಾರನಿಗೆ ಸಮಾಧಾನವಾಯಿತು.

"ಗಡಬಡಿ ಮಾಡಬ್ಯಾಡೋ. ಒಳಗ ಅದಾರ. ಏಸಿ ಐತಿ. ಮೇಡಂ, ಬರ್ರಿ, ಕುಂದರ್ರಿ. ಚಹಾ ಮಾಡಸ್ಲ್ಯಾ?"

ವಿಶಾಖಾ ಮೇಡಂ ಕೂಡಲಿಲ್ಲ. "ಊಟಾ ಕೊಟ್ಟೀರೇನು ಅವ್ರಿಗೆ?"

"ಇಲ್ರಿ ಮೇಡಂ. ಉಪಾಸ ಕೆಡವೇನಿ."

ಹಿಂದಿನಿಂದ ಒಬ್ಬ ಹೆಂಗಸು ಅಯ್ಯಯ್ಯೋ ಎಂದಳು. ಮೇಡಂ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದರು. "ಯಾಕ?"

"ಹಟಾ ಮುರೀಬೇಕಲ್ರಿ. ಹೊಟ್ಟಿ ಹಸದ್ರ ತಾವ ಹಾದಿಗೆ ಬರ್ತಾರ. ಸೊಲ್ಲಾಪುರದಾಗ ಎಲ್ಲಾರೂ ಹಂಗ ಮಾಡ್ತಾರ."

"ಸೊಲ್ಲಾಪುರದಾಗ ಯಾರು ಹೇಳಿದ್ರು?"

"ಅವ್ರನ್ನ ಮಾರಿದಾಂವ್ರಿ."

ಹವಾಲ್ದಾರ ಬರೆಯುವುದನ್ನು ನಿಲ್ಲಿಸಿ ಮೇಡಂ ಮುಖ ನೋಡಿದ. ಚೇತನಕುಮಾರ ಗೋಡೆ ಹಿಡಿದುಕೊಂಡ. ಈ ಸುದ್ದಿ ಬಬಲೇಶ್ವರದ ಅತ್ಯಂತ ಉತ್ಸಾಹಿಗಳ ಕಲ್ಪನೆಯನ್ನೂ ಮೀರಿತ್ತು.

"ಬಡದೀರೇನು?" ಮೇಡಂ ಕೇಳಿದರು.

"ಛೇ ಛೇ! ಕೈ ಮುಟ್ಟೂ ಹಂಗ ಇಲ್ರಿ. ಅಮ್ಮಾವ್ರಿಗೆ ಮೊದಲ ಸಿಟ್ಟು ಜಾಸ್ತಿ. ಬಾಲಾ ಬೀಸಿದ್ರಂದ್ರ ದವಾಖಾನಿ ನಮಗ!"

"ಏನು ಬೀಸಿದ್ರ?"

"ಬಾಲಾ."

"ನಮ್ಮವ್ವಗ ಬಾಲಾ ಅಂತಾನ, ಕೇಳ್ರಿ!" ಎಂದು ಚೇತನಕುಮಾರ ಕೂಗಿದ. ಬೀಗರೆಲ್ಲ ಒಟ್ಟಿಗೆ ಬಾಯಿ ಮಾಡಿದರು. ಒಬ್ಬರು ಸತೀಶಕುಮಾರನ ಅಂಗಿಯ ಕಾಲರಿಗೆ ಕೈ ಹಾಕಿದರು. ಇನ್ನೊಬ್ಬರು ಹಾಕಲು ಜಾಗ ಸಿಗದೆ ಹಿಂದೆ ನಿಂತು ತೋಳು ಏರಿಸಿದರು. ಬಾಗಿಲಲ್ಲಿ ಅಕ್ಕನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಒಂದೂ ಮಾತು ತಪ್ಪಬಾರದೆಂದು ಇನ್ನೊಂದು ಹೆಜ್ಜೆ ಒಳಗೆ ಬಂದಳು. ಕಾಲರು ಹಿಡಿಸಿಕೊಂಡ ಸತೀಶಕುಮಾರನಿಗೆ ಮೊದಲ ಸಲ, ಮೀನು ನೋಡಲು ಬಂದವರು ಹೀಗೆ ಮಾಡುವುದಿಲ್ಲವಲ್ಲ ಎಂಬ ಸಂಶಯ ಬಂತು.

ವಿಶಾಖಾ ಮೇಡಂ ಎಲ್ಲರನ್ನೂ ಸರಿಸಿ ಹಿಂದಿನ ಕೋಣೆಯ ಬಾಗಿಲು ನೂಕಿದರು.

ಒಳಗೆ ಹಿಮಾಲಯದ ತಂಪು. ಮಂಚದ ಮೇಲೆ ಈರಯ್ಯನವರು ಕರಿ ಕನ್ನಡಕ ಹಾಕಿ, ಕೌದಿ ಹೊದ್ದು, ತಾಟಿನಲ್ಲಿ ಚುನಮುರಿ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ನೀಲಗಂಗವ್ವ ಹಸಿ ಮೆಣಸಿನಕಾಯಿ ಕಡಿದುಕೊಳ್ಳುತ್ತಿದ್ದಳು. ಬಂದು ಮೂರು ವಾರಕ್ಕೆ ಇಬ್ಬರ ಗಲ್ಲವೂ ತುಂಬಿಕೊಂಡಿದ್ದವು.

"ಬಾಗಲಾ ಹಾಕ್ರೋ, ತಂಪು ಹೊರಗ ಹೋಗಾಕತ್ತೈತಿ" ಎಂದರು ಈರಯ್ಯನವರು.

ಎರಡು ಜೀಪು ತುಂಬ ಬಂದ ಜನರಿಗೆ ಹಿರಿಯರು ಬದುಕಿರುವುದನ್ನು ಕಂಡು ಆದ ನಿರಾಶೆಯನ್ನು ಮುಚ್ಚಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಒಬ್ಬ ಮುದುಕಿ ನೀಲಗಂಗವ್ವನ ಮೈ ಮುಟ್ಟಿ ನೋಡಿ, "ಒಣಗ್ಯಾಳ" ಎಂದಳು. ನೀರಿನ ವಿಷಯಕ್ಕೆ ಹೇಳಿದಳೋ, ಊಟದ ವಿಷಯಕ್ಕೆ ಹೇಳಿದಳೋ, ತಿಳಿಯಲಿಲ್ಲ.

"ಗುಳಗಿ ಒಲ್ಲೆ ಅಂದವ್ರು ಯಾರು?" ಮೇಡಂ ಕೇಳಿದರು.

ಸತೀಶಕುಮಾರ ಕಾಲರು ಸರಿಮಾಡಿಕೊಂಡು ತೊಟ್ಟಿಯ ಕಡೆ ಬೆರಳು ತೋರಿಸಿದ. ಹವಾಲ್ದಾರ ಬಗ್ಗಿ ನೋಡಿದ. ಬೀಗರು ಬಗ್ಗಿ ನೋಡಿದರು. ಬಬಲೇಶ್ವರದಿಂದ ಬಂದ ಎಲ್ಲ ಕಣ್ಣುಗಳ ಮುಂದೆ ಎರಡು ರೊಟ್ಟಿ ಉಸುಕಿನಲ್ಲಿ ಬಿದ್ದಿದ್ದವು.

"ಇವಕ್ಕ ನೀವು ಯಜಮಾನ್ರು ಅಂತೀರೇನು?" ಎಂದರು ಮೇಡಂ.

"ಹೂಂ ರಿ."

"ಬಾಯಿ ಎಲ್ಲೈತಿ ಇವಕ್ಕ?"

ಸತೀಶಕುಮಾರ ಕಣ್ಣಿನ ಹಿಂದಿನ ತೂತು ತೋರಿಸಿದ. ಅದೇ ಹೊತ್ತಿಗೆ ಇಷ್ಟು ಜನರ ಗದ್ದಲಕ್ಕೆ ಬೆದರಿದ ಹೆಣ್ಣು ಮೀನು ಗಾಜಿಗೆ ಹೊಟ್ಟೆ ಹಚ್ಚಿ ಮೇಲೇರಿತು. ಹೊಟ್ಟೆಯ ಕಡೆ, ಬೆಳ್ಳಗೆ, ಸಣ್ಣದೊಂದು ಬಾಯಿ ತೆರೆದು ಮುಚ್ಚುತ್ತಿತ್ತು. ವಾರಗಟ್ಟಲೆ ಬೆನ್ನ ಮೇಲೆ ಗುಳಗಿ ಉದುರಿಸಿಕೊಂಡ ಪ್ರಾಣಿ, ಬಾಯಿ ಎಲ್ಲಿದೆಯೆಂದು ಕೊನೆಗೂ ತಾನೇ ಎದ್ದು ತೋರಿಸಿತು. ಮೊದಲು ನಕ್ಕವನು ಚೇತನಕುಮಾರ.

"ಕಲ್ಚರ್ ಮಾಮಾ, ಕಲ್ಚರ್!"

ಮೇಡಂ ಮಾತ್ರ ಇನ್ನೂ ನಗುವ ಹದಕ್ಕೆ ಬಂದಿರಲಿಲ್ಲ. "ಆ ಗುಳಗಿ ಯಾವ್ವು, ತಗೀರಿ ನೋಡೋಣು."

ಸತೀಶಕುಮಾರ ಗೂಡಿನಿಂದ ಡಬ್ಬಿ ತೆಗೆದ. ಡಬ್ಬಿ ಹಗುರವಾಗಿತ್ತು. ಮುಚ್ಚಳ ತೆಗೆದರೆ ಮುಕ್ಕಾಲು ಖಾಲಿ.

"ಅಯ್ಯ, ಅದನ್ಯಾಕ ತ್ವಾರಸ್ತೀರಿ ಅವ್ರಿಗೆ?" ನೀಲಗಂಗವ್ವ ಅವಸರದಿಂದ ಎದ್ದಳು. "ಅವು ನಮ್ಮನಿಯವ್ರ ಮೊಣಕಾಲ ಗುಳಗಿ. ವೈದ್ಯರ ಡಬ್ಬಿ ಮುಗದಿತ್ತು. ಅಳಿಯಂದ್ರು ಹೇಳದ ಕೇಳದ ಅಂಥಾದ ಡಬ್ಬಿ ತುಂಬ ಹೊಸಾವು ತಂದಿಟ್ಟಿದ್ರು. ಮುಂಜಾನಿ ಎರಡು, ಸಂಜಿಕೆರಡು ಕೊಡಾಕತ್ತೇನಿ. ದೇವರಂಥ ಅಳಿಯ!"

"ವಾಸನಿ ಜರಾ ಜಾಸ್ತಿ" ಎಂದರು ಈರಯ್ಯನವರು, "ಆದ್ರ ಗುಣಾ ಐತಿ. ನಿನ್ನಿ ಮಾಳಗಿ ಹತ್ತಿ ಇಳದೀನಿ."

ಸತೀಶಕುಮಾರ ಡಬ್ಬಿಯ ಮುಚ್ಚಳ ತಿರುಗಿ ಹಾಕಿದ. ಅಷ್ಟರಲ್ಲಿ ಅನುರಾಧಾ ಕಾಯಿಪಲ್ಲೆಯ ಚೀಲ ಹಿಡಿದು ಜನರನ್ನು ಸೀಳಿಕೊಂಡು ಒಳಗೆ ಬಂದಳು. ನಡೆದದ್ದನ್ನು ಏಳೆಂಟು ಜನ ಒಂದೇ ಸಲಕ್ಕೆ ಹೇಳಿದರೂ ಅವಳಿಗೆ ಅರ್ಥವಾಯಿತು. ಅವಳು ಗಾಬರಿಯಾಗಲಿಲ್ಲ. "ಆಗ್ಲಿ ಬಿಡ್ರಿ. ಶಾಕಾಹಾರಿ ಗುಳಗಿ. ಸೋಯಾ, ಗೋದಿ, ಪಾಲಕ. ಹೌದಲ್ರಿ?"

ಗಂಡ ಮೀನುಗಳನ್ನು ನೋಡಿದ.

"ಮಾರಿದಾಂವನ ಫೋನ್ ಹಚ್ರಿ" ಎಂದರು ವಿಶಾಖಾ ಮೇಡಂ. "ಸ್ಪೀಕರ್ ಮ್ಯಾಲ ಹಾಕ್ರಿ."

ನೆಟ್‌ವರ್ಕ್ ಇಲ್ಲ ಎಂದು ಸತೀಶಕುಮಾರ ಕಡೆಯ ಆಸೆಯಿಂದ ಹೇಳಿದ. ಹವಾಲ್ದಾರ ಕಿಟಕಿ ತೆರೆದು ಸತೀಶಕುಮಾರನ ಫೋನನ್ನು ಹೊರಗೆ ಹಿಡಿದ. ಆ ದಿನ ನೆಟ್‌ವರ್ಕ್ ಬರದ ಜಾಗವೇ ವಿಜಯಪುರದಲ್ಲಿ ಇರಲಿಲ್ಲ.

"ಸಲಾಂ ಸೇಠ! ಗುಳಗಿ ತಿಂದ್ರ?" ಅಶ್ಫಾಕನ ದನಿ ಕೋಣೆ ತುಂಬಿತು.

"ನಾ ಪಿಎಸ್ಐ ಮಾತಾಡೂದು. ಆ ಗುಳಗಿಯಾಗ ಏನೇನ್ ಐತಿ?"

ಪೊಲೀಸರು ಎಂದ ಕೂಡಲೇ ಅಶ್ಫಾಕ ತನ್ನ ಮಾಲಿನ ಮೇಲೆ ಸಂಶಯ ಬಂದಿದೆ ಎಂದುಕೊಂಡ. "ಒಂದ್ ನಂಬರ್ ಮಾಲ್ ಮೇಡಂ! ಖರೇ ಮೀನಿನ ಪುಡಿ, ಸೀಗಡಿ ತಲಿ, ಎರೆಹುಳ, ಮೀನಿನ ಎಣ್ಣಿ. ಕಲಬೆರಕಿ ಒಂಚೂರಿಲ್ಲ. ನಮ್ಮಲ್ಲಿ ವೆಜ್ ಮಾಲ್ ಇಡೂದ ಇಲ್ಲ, ಬೇಕಾದ್ರ ಬಂದು ನೋಡ್ರಿ!"

ನೀಲಗಂಗವ್ವ ಬಾಯಿಗೆ ಸೆರಗು ಹಿಡಿದು ಕುಸಿದಳು. ಅನುರಾಧಾ ಚೀಲದಿಂದ ಸೌತೆಕಾಯಿ ಒಂದನ್ನು ಹೊರತೆಗೆದು ಅದರ ಗಟ್ಟಿತನ ಪರೀಕ್ಷಿಸಿದಳು. ಹಸಿವು ನೀರು ಖಾರ ಎಲ್ಲವನ್ನೂ ಸಹಿಸಿದ ಬೀಗರು ಇದನ್ನು ಸಹಿಸಲಾರದೆ ಕಿವಿ ಮುಚ್ಚಿಕೊಂಡರು. "ಕುಲಾ ಕೆಡಿಸಿದ! ಮಠದ ಅಯ್ಯನೋರ ಬಾಯಾಗ ಹುಳಾ ಹಾಕಿದ!" ಎಂದು ಒಬ್ಬರು ಶುರುಮಾಡಿದರು. ಮುದುಕರನ್ನು ಉಪವಾಸ ಕೆಡವಿದ ಎಂಬ ಸುದ್ದಿಗೆ ಬರೀ ಕಾಲರು ಹಿಡಿದಿದ್ದವರು, ಈಗ ಚಪ್ಪಲಿ ಹುಡುಕಹತ್ತಿದರು. ಮೇಡಂ, ಇದಕ್ಕೆ ಯಾವ ಕಾಯ್ದೆಯೂ ಇಲ್ಲ ಎಂಬಂತೆ ಹವಾಲ್ದಾರನ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದರು.

ಎಲ್ಲರೂ ಈರಯ್ಯನವರನ್ನು ನೋಡಿದರು. ಅವರು ಕರಿ ಕನ್ನಡಕ ತೆಗೆದರು. ಕಣ್ಣು ಮುಚ್ಚಿ, ಇಷ್ಟಲಿಂಗದ ಮೇಲೆ ಕೈಯಿಟ್ಟು, ಏನೋ ಪಿಟಿಪಿಟಿ ಎಂದರು. ಸತೀಶಕುಮಾರ ಅವರ ಕಾಲ ಹತ್ತಿರ ಕೂತೇಬಿಟ್ಟ.

"ತಪ್ಪಾತ್ರಿ ಮಾವಾರ. ಸುಳ್ಳ ಹೇಳಿದೆ."

ಈರಯ್ಯನವರು ಬಲಗಾಲು ಚಾಚಿದರು. ಮಡಿಚಿದರು. ಎಡಗಾಲು ಚಾಚಿದರು. ಮಡಿಚಿದರು. ಬಬಲೇಶ್ವರದ ಮನೆಯಲ್ಲಿ ಯೂರಿಯಾ ಚೀಲದ ಕೋಣೆ, ಇಲ್ಲಿ ಏಸಿ. ಆ ಲೆಕ್ಕವೂ ಅವರ ತಲೆಯಲ್ಲಿ ನಡೆದಿತ್ತೇನೋ. ಕೊನೆಗೆ ಗಂಭೀರವಾಗಿ ಹೇಳಿದರು:

"ಔಷಧಕ್ಕ ಮಡಿ ಮೈಲಿಗಿ ಇಲ್ಲ."

ಈ ತೀರ್ಪಿನ ಮುಂದೆ ಬಾಯಿ ತೆಗೆಯುವವರು ಯಾರು? ಕುಲ ಕೆಟ್ಟಿತೆಂದು ಕೂಗಿದವರೇ ಮೊದಲು ತಲೆಯಾಡಿಸಿದರು. ನೀಲಗಂಗವ್ವ ಎದ್ದು ಕಣ್ಣೊರೆಸಿಕೊಂಡಳು. ಅನುರಾಧಾ ಸೌತೆಕಾಯಿ ಚೀಲಕ್ಕೆ ಹಾಕಿದಳಾದರೂ, "ಆ ಎರಡೂ ಜೀವ ನಾಳೆ ಈ ಮನ್ಯಾಗ ಇರಬಾರ್ದು" ಎಂದಳು. ಏಸಿ ಬಗ್ಗೆ ಅವಳೇನೂ ಹೇಳಲಿಲ್ಲ. ಚೇತನಕುಮಾರ ತಂದೆ ತಾಯಿಯನ್ನು ಕರೆದೊಯ್ಯುವ ಮಾತನ್ನು ಜೀಪಿನಲ್ಲಿ ಜಾಗವಿಲ್ಲವೆಂಬ ಕಾರಣಕ್ಕೆ ಮುಂದೂಡಿದ.

ಜನ ಕರಗುವಾಗ ಒಂದು ವಿಚಿತ್ರ ನಡೆಯಿತು. ಮೊದಲು ಹವಾಲ್ದಾರ, ಟೊಪ್ಪಿಗೆ ಮರೆತೆನೆಂದು ಒಳಗೆ ಬಂದ. ಟೊಪ್ಪಿಗೆ ಅವನ ತಲೆಯ ಮೇಲೇ ಇತ್ತು. "ಆ ಗುಳಗಿ... ನಾಕು ಕೊಡ್ರಿ. ನಮ್ಮ ಅತ್ತೀಗೆ" ಎಂದ. ಆಮೇಲೆ ಚಪ್ಪಲಿ ಹುಡುಕಿದ್ದ ಬೀಗರು, ಚಪ್ಪಲಿ ಹಾಕಿಕೊಂಡೇ ಬಂದು ಅಂಗೈ ಚಾಚಿದರು. ಕೊನೆಗೆ ಅಕ್ಕನಾಗಮ್ಮ ಹಿಂದಿನ ಬಾಗಿಲಿಂದ ಬಂದು, ಯಾರೂ ಇಲ್ಲವೆಂದು ನೋಡಿ, ಡಬ್ಬಿಯ ತಳದಲ್ಲಿದ್ದ ಪುಡಿಯನ್ನೂ ಸೆರಗಿಗೆ ಕಟ್ಟಿಕೊಂಡು ಹೋದಳು.

ಮೀನುಗಳನ್ನು ಸತೀಶಕುಮಾರ ತಿಕೋಟಾಕ್ಕೆ ಒಯ್ದ. ಅಂಗಡಿಯ ಹಿಂದೆ ದಪ್ಪ ಕಲ್ಲುಗೋಡೆಯ ತಂಪಾದ ಕೋಣೆ. ಅಲ್ಲಿ ತೊಟ್ಟಿ ಇಟ್ಟ. ಹಟ ಅವನದೇ ಮುರಿಯಿತು. ರಾಯಪ್ಪ ತನ್ನ ದ್ರಾಕ್ಷಿ ತೋಟದ ಎರೆಗೊಬ್ಬರದ ಗುಂಡಿಯಿಂದ ಡಬ್ಬಿ ತುಂಬ ಹುಳ ತಂದುಕೊಟ್ಟ ದಿನ, ಎರಡೂ ಮೀನು ಉಸುಕೆಲ್ಲ ಎಬ್ಬಿಸಿ, ಹುಳದ ಮೇಲೆ ಕವುಚಿ ಬಿದ್ದು, ನಿಮಿಷದಲ್ಲಿ ತಳ ಬಳಿದವು. ಅಂದಿನಿಂದ ದಪ್ಪಗಾಗುತ್ತಲೇ ಇವೆ.

ಸೊಲ್ಲಾಪುರದಿಂದ ಮತ್ತೆ ತರಿಸಿದ ಗುಳಗಿಯೂ ಅಂಗಡಿಯಲ್ಲಿದೆ. ಸತೀಶಕುಮಾರ ಅದನ್ನು ಔಷಧಿ ಎಂದು ಯಾರಿಗೂ ಹೇಳುವುದಿಲ್ಲ. ಔಷಧಿ ಅಲ್ಲ ಎಂದು ಹೇಳಿದರೆ ಕೇಳುವವರಿಲ್ಲ. ಹೊನವಾಡದಿಂದ ಹಿಡಿದು ತೊರವಿಯ ತನಕ ಮೊಣಕಾಲು ಹಿಡಿದುಕೊಂಡು ಬರುತ್ತಾರೆ, ವಾಲ್ವು ಕೇಳುವ ನೆವ ಮಾಡುತ್ತಾರೆ, ಕೊನೆಗೆ ದನಿ ತಗ್ಗಿಸುತ್ತಾರೆ. ಶಾಕಾಹಾರಿಗಳು ಮೂಗು ಹಿಡಿದುಕೊಂಡು ನುಂಗುತ್ತಾರೆ.

ಮೊನ್ನೆ ರಾಯಪ್ಪ ಹುಳದ ಡಬ್ಬಿ ಇಳಿಸಿ, ತನ್ನ ಪಾಲಿನ ಗುಳಗಿ ಕಿಸೆಗೆ ಹಾಕಿಕೊಂಡು, ತೊಟ್ಟಿಯ ಮುಂದೆ ನಿಂತ.

"ಈ ಗುಳಗಿ ಈಗರ ಮುಟ್ತಾವೇನ್ರಿ ಇವು?"

"ಇಲ್ರಿ. ಮೂಸಿ ಸೈತ ನೋಡೂದಿಲ್ಲ."

"ಅಲ್ರೀ, ಇಷ್ಟು ಮಂದಿಗೆ ಗುಣಾ ಬಂದೈತಿ, ಇವಕ್ಯಾಕ ಬ್ಯಾಡಂತ?"

ಸತೀಶಕುಮಾರ ಒಂದು ಹುಳ ನೀರಿಗೆ ಬಿಟ್ಟು, ಬಹಳ ತಿಳಿದವನಂತೆ ಹೇಳಿದ:

"ಇವಕ್ಕ ಎಲ್ಲದಾವ್ರಿ ಮೊಣಕಾಲು?"